ಲೋಕಸಭಾ ಚುನಾವಣೆಗಳಲ್ಲಿ ಮಹಿಳಾ ಅಭ್ಯರ್ಥಿಗಳ ಸೋಲು–ಗೆಲುವು: ಒಂದು ಚಾರಿತ್ರಿಕ ಪರಿಶೀಲನೆ

ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆ ೧೯೫೧-೫೨ರಲ್ಲಿ ನಡೆಯಿತು. ಆಗ ಚುನಾಯಿತವಾದ ೪೮೯ ಸ್ಥಾನಗಳ ಲೋಕಸಭೆಯಲ್ಲಿ ಮಹಿಳೆಯರ ಪಾಲು ಶೇ. ೫ನ್ನೂ ಮುಟ್ಟಲಿಲ್ಲ. ಎಪ್ಪತ್ತು ವರ್ಷಗಳಿಗೂ ಮಿಕ್ಕ ಅವಧಿಯ ಅನಂತರ, ೨೦೨೪ರ ಹದಿನೆಂಟನೆಯ ಲೋಕಸಭೆಗೆ ಆಯ್ಕೆಯಾದ ೫೪೩ ಸದಸ್ಯರಲ್ಲಿ ಮಹಿಳೆಯರು ೭೪ ಮಂದಿ, ಅಂದರೆ ಶೇ. ೧೩.೬. ಮತದಾರರಲ್ಲಿ ಸರಿಸುಮಾರು ಅರ್ಧದಷ್ಟಿರುವ ವರ್ಗವೊಂದು ಶಾಸನಸಭೆಯಲ್ಲಿ ಏಳರಲ್ಲಿ ಒಂದು ಪಾಲಿಗೆ ಸೀಮಿತವಾಗಿರುವುದಕ್ಕೆ ಕಾರಣವೇನು ಎಂಬ ಪ್ರಶ್ನೆ ಹೊಸದಲ್ಲ. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವೂ ಹೊಸದಲ್ಲ: ‘ನಮ್ಮ ಸಮಾಜ ಹೆಂಗಸರ ನಾಯಕತ್ವವನ್ನು ಒಪ್ಪುವುದಿಲ್ಲ, ಆದುದರಿಂದ ಮತದಾರರು ಅವರನ್ನು ಸೋಲಿಸುತ್ತಾರೆ.’ ಈ ಉತ್ತರವನ್ನು ಮಹಿಳಾಪರವಾದ ಚಿಂತಕರು ವಿಷಾದದಿಂದ ಹೇಳಿದರೆ, ರಾಜಕೀಯ ಪಕ್ಷಗಳ ನಾಯಕರು ಸಮರ್ಥನೆಯಾಗಿ ಹೇಳುತ್ತಾರೆ. ಇಬ್ಬರ ಮಾತೂ ಒಂದೇ ಆಗಿರುವುದರಿಂದ ಅದನ್ನು ಪರೀಕ್ಷಿಸುವ ಅಗತ್ಯ ಇನ್ನೂ ಹೆಚ್ಚು.

ಲಿಂಗಪೂರ್ವಗ್ರಹವೇ ಮಹಿಳೆಯರ ಸೋಲಿಗೆ ಕಾರಣವೇ, ಆಗಿದ್ದರೆ ಅದು ಚುನಾವಣೆಯ ಯಾವ ಹಂತದಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಚುನಾವಣಾ ಇತಿಹಾಸದ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಮೆರಿಕದಲ್ಲಿ ೨೦೧೬ರಲ್ಲಿ ಹಿಲರಿ ಕ್ಲಿಂಟನ್ ಹಾಗೂ ೨೦೨೪ರಲ್ಲಿ ಕಮಲಾ ಹ್ಯಾರಿಸ್ ಅಧ್ಯಕ್ಷ ಪದವಿಯ ಚುನಾವಣೆಯಲ್ಲಿ ಸೋತಾಗಲೂ ಇದೇ ಪ್ರಶ್ನೆ ಎದ್ದಿತು. ಆದರೆ ಒಬ್ಬಿಬ್ಬರ ಸೋಲಿನಿಂದ ಇಂತಹ ಪ್ರಶ್ನೆಗೆ ಖಚಿತ ಉತ್ತರ ದೊರೆಯುವುದು ಕಷ್ಟ. ಭಾರತದಲ್ಲಿಯಾದರೋ ಹದಿನೆಂಟು ಸಾರ್ವತ್ರಿಕ ಚುನಾವಣೆಗಳ, ಸಾವಿರಾರು ಅಭ್ಯರ್ಥಿಗಳ ದಾಖಲೆ ಇದೆ. ಈ ದಾಖಲೆಯನ್ನೂ ಅದರೊಳಗೆ ಕರ್ನಾಟಕದ ಅನುಭವವನ್ನೂ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

೧. ಹಿನ್ನೆಲೆ

ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆಯೆಂದು ಗುರುತಿಸಲಾಗುವ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಕರ್ನಾಟಕದ ಕರಾವಳಿಯವರು ಎಂಬುದು ನಮಗೆ ಹೆಮ್ಮೆಯ ಸಂಗತಿ. ಮಂಗಳೂರಿನಲ್ಲಿ ೧೯೦೩ರಲ್ಲಿ ಜನಿಸಿದ ಅವರು ೧೯೨೬ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ತಮ್ಮ ಕರಾವಳಿ ಸೀಮೆಯಿಂದಲೇ ಸ್ಪರ್ಧಿಸಿದರು. ಸ್ತ್ರೀಯರು ಸದಸ್ಯರಾಗುವುದಕ್ಕೆ ಇದ್ದ ಅಡ್ಡಿ ಆಗತಾನೇ ತೊಲಗಿತ್ತು. ಪ್ರಚಾರಕ್ಕೆ ದೊರೆತ ಕಾಲ ಬಹು ಕಡಿಮೆ. ಮತದ ಹಕ್ಕು ಆಸ್ತಿವಂತರಿಗೆ ಮಾತ್ರ ಇದ್ದುದರಿಂದ ಮತದಾರರಲ್ಲಿ ಮಹಿಳೆಯರು ತೀರ ವಿರಳ. ಹೀಗಿದ್ದೂ ಅವರು ಸೋತುದು ಅತ್ಯಲ್ಪ ಅಂತರದಿಂದ. ಸ್ತ್ರೀ ಅಭ್ಯರ್ಥಿಯನ್ನು ಮತದಾರ ಒಪ್ಪುವುದಿಲ್ಲ ಎಂಬ ಹೇಳಿಕೆಗೆ ನಮ್ಮ ಚುನಾವಣಾ ಚರಿತ್ರೆಯ ಮೊದಲ ಪುಟದಲ್ಲಿಯೇ ಒಂದು ಆಕ್ಷೇಪ ದಾಖಲಾಗಿದೆ ಎಂದು ಹೇಳಬಹುದು.

ಆದರೆ ಕಾನೂನು ಮಹಿಳೆಯನ್ನು ಸ್ವತಂತ್ರ ಪ್ರಜೆಯೆಂದು ಕಾಣಲು ಇನ್ನೂ ಕಾಲ ಹಿಡಿಯಿತು. ೧೯೩೫ರ ಭಾರತ ಸರ್ಕಾರ ಕಾಯಿದೆಯಲ್ಲಿ ಮಹಿಳಾ ಮತದಾರರ ಸಂಖ್ಯೆ ಹೆಚ್ಚಿತಾದರೂ, ಅವರಲ್ಲಿ ಬಹುಮಂದಿಗೆ ಆ ಹಕ್ಕು ಬಂದುದು ಆಸ್ತಿಯುಳ್ಳವನ ಹೆಂಡತಿ ಅಥವಾ ವಿಧವೆ ಎಂಬ ಅರ್ಹತೆಯಿಂದ. ಹೆಣ್ಣಿನ ರಾಜಕೀಯ ಗುರುತು ಗಂಡನ ಮೂಲಕ ಎಂಬ ಈ ಕಲ್ಪನೆ ಸಂವಿಧಾನ ಜಾರಿಗೆ ಬಂದ ಕೂಡಲೇ ಅಳಿಯಲಿಲ್ಲ. ಮೊದಲ ಚುನಾವಣಾ ಆಯುಕ್ತರಾದ ಸುಕುಮಾರ ಸೇನ್ ಅವರ ನೇತೃತ್ವದಲ್ಲಿ ಮತದಾರರ ಪಟ್ಟಿ ಸಿದ್ಧವಾಗುತ್ತಿದ್ದಾಗ, ಮುಖ್ಯವಾಗಿ ಉತ್ತರದ ಪ್ರಾಂತ್ಯಗಳಲ್ಲಿ, ಬಹುಸಂಖ್ಯೆಯ ಮಹಿಳೆಯರು ತಮ್ಮ ಹೆಸರನ್ನು ಹೇಳದೆ ಇಂಥವರ ತಾಯಿ, ಇಂಥವರ ಹೆಂಡತಿ ಎಂದಷ್ಟೇ ಬರೆಯಿಸಿದರು. ಆಯೋಗವು ಇಂತಹ ನಮೂದುಗಳನ್ನು ಒಪ್ಪದಿರಲು ನಿರ್ಧರಿಸಿತು. ಸುಮಾರು ೨೮ ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಸ್ತ್ರೀಯರು ಮತಗಟ್ಟೆಗೆ ಹೋಗುವ ಮೊದಲೇ ಪಟ್ಟಿಯ ಹಂತದಲ್ಲಿ ತಡೆಯಲ್ಪಟ್ಟ ಈ ಘಟನೆ ಮುಂದಿನ ಚರ್ಚೆಗೂ ಒಂದು ಸೂಚನೆಯಾಗಿದೆ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಸಂವಿಧಾನ ರಚನಾಸಭೆಯಲ್ಲಿದ್ದ ಹಂಸಾ ಮೆಹತಾ, ರೇಣುಕಾ ರೇ ಮೊದಲಾದ ಸದಸ್ಯೆಯರು ಮಹಿಳೆಯರಿಗೆ ಮೀಸಲು ಸ್ಥಾನ ಬೇಡವೆಂದರು. ಸಮಾನ ಹಕ್ಕು ದೊರೆತ ಮೇಲೆ ಯೋಗ್ಯತೆಯ ಬಲದಿಂದ ಮಹಿಳೆಯರು ಮುಂದೆ ಬರುತ್ತಾರೆಂಬುದು ಅವರ ನಂಬುಗೆಯಾಗಿತ್ತು. ೧೯೭೪ರಲ್ಲಿ ‘ಸಮಾನತೆಯೆಡೆಗೆ’ ಎಂಬ ವರದಿಯನ್ನು ಒಪ್ಪಿಸಿದ ಮಹಿಳೆಯರ ಸ್ಥಾನಮಾನ ಕುರಿತ ರಾಷ್ಟ್ರೀಯ ಸಮಿತಿಯ ಬಹುಮತವೂ ಶಾಸನಸಭೆಗಳಲ್ಲಿ ಮೀಸಲಾತಿಯನ್ನು ಒಪ್ಪಲಿಲ್ಲ. ಲೋತಿಕಾ ಸರ್ಕಾರ್ ಮತ್ತು ವೀಣಾ ಮಜುಂದಾರ್ ಅವರು ಮಾತ್ರ ಭಿನ್ನಮತದ ಟಿಪ್ಪಣಿ ಬರೆದರು. ಕಾಲು ಶತಮಾನದ ಅನುಭವವು ರಚನಾಸಭೆಯ ನಂಬುಗೆಯನ್ನು ನಿಜಗೊಳಿಸಿಲ್ಲ ಎಂಬುದು ಅವರ ಭಿನ್ನಮತದ ತಿರುಳು.

೨. ಅಂಕಿಅಂಶಗಳು ಹೇಳುವುದೇನು?

ಮತದಾರರ ಪೂರ್ವಗ್ರಹವೇ ಮುಖ್ಯ ಕಾರಣವಾಗಿದ್ದರೆ, ಕಣಕ್ಕಿಳಿದ ಮಹಿಳೆಯರು ಕಣಕ್ಕಿಳಿದ ಪುರುಷರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸೋಲಬೇಕು. ವಾಸ್ತವದಲ್ಲಿ ಹಾಗಾಗಿಲ್ಲ. ಚುನಾವಣಾ ಆಯೋಗದ ಲೆಕ್ಕದಂತೆ ೧೯೫೭ರಲ್ಲಿ ೪೫ ಮಹಿಳೆಯರು ಸ್ಪರ್ಧಿಸಿ ೨೨ ಮಂದಿ ಗೆದ್ದರು. ಅಂದರೆ ಸ್ಪರ್ಧಿಸಿದವರಲ್ಲಿ ಅರ್ಧಕ್ಕೆ ಸಮೀಪ. ಅದೇ ಚುನಾವಣೆಯಲ್ಲಿ ಪುರುಷರ ಗೆಲುವಿನ ಪ್ರಮಾಣ ಶೇ. ೩೨ರಷ್ಟು. ೧೯೬೨ರಲ್ಲಿ ೬೬ ಮಹಿಳೆಯರ ಪೈಕಿ ೩೧ ಮಂದಿ ಗೆದ್ದರು. ೧೯೯೬ರಲ್ಲಿ ೫೯೯ ಮಹಿಳೆಯರಲ್ಲಿ ೪೦ ಮಂದಿ, ಶೇ. ೬.೭, ಪುರುಷರಲ್ಲಿ ಶೇ. ೩.೮. ೨೦೧೯ರಲ್ಲಿ ೭೨೬ ಮಹಿಳೆಯರಲ್ಲಿ ೭೮ ಮಂದಿ, ಶೇ. ೧೦.೭, ಪುರುಷರಲ್ಲಿ ಶೇ. ೬.೩. ೨೦೨೪ರಲ್ಲಿ ೮೦೦ ಮಹಿಳೆಯರಲ್ಲಿ ೭೪ ಮಂದಿ, ಶೇ. ೯.೨, ಪುರುಷರಲ್ಲಿ ಶೇ. ೬.೨. ಅರುವತ್ತೈದು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲಿ ಹರಡಿರುವ ಈ ಐದು ಚುನಾವಣೆಗಳಲ್ಲಿ ಗೆಲುವಿನ ಪ್ರಮಾಣ ಮಹಿಳೆಯರ ಪರವಾಗಿಯೇ ಇದೆ.

ಇದೇ ಅಂಕಿಗಳ ಇನ್ನೊಂದು ಮುಖವನ್ನು ನೋಡಿದಾಗ ಸಮಸ್ಯೆಯ ನೆಲೆ ಕಾಣಿಸುತ್ತದೆ. ೧೯೫೭ರ ಒಟ್ಟು ಅಭ್ಯರ್ಥಿಗಳಲ್ಲಿ ಮಹಿಳೆಯರು ಶೇ. ೩ರಷ್ಟು, ೧೯೯೬ರಲ್ಲಿ ಶೇ. ೪.೩, ೨೦೨೪ರಲ್ಲಿ ೮,೩೬೦ ಅಭ್ಯರ್ಥಿಗಳಲ್ಲಿ ೮೦೦, ಅಂದರೆ ಶೇ. ೯.೬. ಆ ಚುನಾವಣೆಯಲ್ಲಿ ೧೫೨ ಕ್ಷೇತ್ರಗಳಲ್ಲಿ ಒಬ್ಬ ಮಹಿಳಾ ಅಭ್ಯರ್ಥಿಯೂ ಇರಲಿಲ್ಲ. ಅಲ್ಲಿಯ ಮತದಾರನಿಗೆ ಮಹಿಳೆಯನ್ನು ಸೋಲಿಸುವ ಅವಕಾಶವೇ ಇರಲಿಲ್ಲ. ಅವಳನ್ನು ಗೆಲ್ಲಿಸುವ ಅವಕಾಶವೂ ಇರಲಿಲ್ಲ. ಇದೇ ಅವಧಿಯಲ್ಲಿ ಮತದಾರಳಾಗಿ ಮಹಿಳೆ ಸಾಗಿದ ದೂರವನ್ನು ಇದರೊಡನೆ ಹೋಲಿಸಬಹುದು. ೧೯೬೨ರಲ್ಲಿ ಪುರುಷರ ಮತದಾನ ಶೇ. ೬೩, ಮಹಿಳೆಯರದು ಶೇ. ೪೭ಕ್ಕೂ ಕಡಿಮೆ, ಅಂತರ ಸುಮಾರು ೧೭ ಅಂಶ. ೨೦೧೯ ಮತ್ತು ೨೦೨೪ರ ಚುನಾವಣೆಗಳಲ್ಲಿ ಮಹಿಳೆಯರ ಪ್ರಮಾಣ ಪುರುಷರದ್ದನ್ನು ಕೂದಲೆಳೆಯಷ್ಟು ಮೀರಿತು. ಮತ ಹಾಕುವ ಸಾಲಿನಲ್ಲಿ ಸಮಾನತೆ ಬಂದಿದೆ. ಅಭ್ಯರ್ಥಿಗಳ ಸಾಲಿನಲ್ಲಿ ಬಂದಿಲ್ಲ.

೩. ಅಂಕಿಅಂಶಗಳ ಮಿತಿ

ಮೇಲಿನ ಲೆಕ್ಕವನ್ನು ಆಧರಿಸಿ ಮತದಾರನನ್ನು ಸಂಪೂರ್ಣ ದೋಷಮುಕ್ತನೆಂದು ಸಾರುವುದು ಅವಸರದ ತೀರ್ಮಾನವಾಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಪಕ್ಷೇತರರ ಪ್ರಭಾವ. ೧೯೯೬ರಲ್ಲಿ ಕಣದಲ್ಲಿದ್ದ ೧೩,೯೫೨ ಅಭ್ಯರ್ಥಿಗಳಲ್ಲಿ ೧೦,೬೩೫ ಮಂದಿ ಪಕ್ಷೇತರರು. ಗೆದ್ದವರು ಒಂಬತ್ತು ಮಂದಿ. ಠೇವಣಿ ಕಳೆದುಕೊಳ್ಳುವ ಈ ದೊಡ್ಡ ಗುಂಪಿನಲ್ಲಿ ಬಹುಪಾಲು ಪುರುಷರೇ ಇರುವುದರಿಂದ ಪುರುಷರ ಸರಾಸರಿ ತಾನಾಗಿಯೇ ಕುಗ್ಗುತ್ತದೆ. ಆದುದರಿಂದ ನ್ಯಾಯವಾದ ಹೋಲಿಕೆ ಒಂದೇ ಪಕ್ಷದ ಮಹಿಳಾ ಮತ್ತು ಪುರುಷ ಅಭ್ಯರ್ಥಿಗಳ ನಡುವೆ ನಡೆಯಬೇಕು. ಹಾಗೆ ನೋಡಿದಾಗ ಮಹಿಳೆಯರ ಮುನ್ನಡೆ ಬಹುಮಟ್ಟಿಗೆ ಕರಗುತ್ತದೆ. ೨೦೨೪ರಲ್ಲಿ ಭಾರತೀಯ ಜನತಾ ಪಕ್ಷ ಕಣಕ್ಕಿಳಿಸಿದ ೬೯ ಮಹಿಳೆಯರಲ್ಲಿ ೩೧ ಮಂದಿ ಗೆದ್ದರು, ಶೇ. ೪೫, ಅದೇ ಪಕ್ಷದ ಪುರುಷರಲ್ಲಿ ಗೆದ್ದವರು ಸುಮಾರು ಶೇ. ೫೬. ಕಾಂಗ್ರೆಸ್ಸಿನ ೪೧ ಮಹಿಳೆಯರಲ್ಲಿ ೧೩ ಮಂದಿ, ಶೇ. ೩೨, ಪುರುಷರಲ್ಲಿ ಸುಮಾರು ಶೇ. ೩೦. ತೃಣಮೂಲ ಕಾಂಗ್ರೆಸ್ ೨೦೧೯ರಲ್ಲಿ ಪಶ್ಚಿಮ ಬಂಗಾಳದ ೪೨ ಸ್ಥಾನಗಳಲ್ಲಿ ೧೭ನ್ನು ಮಹಿಳೆಯರಿಗೆ ಕೊಟ್ಟಾಗ ಒಂಬತ್ತು ಮಹಿಳೆಯರು ಗೆದ್ದರು. ಉಳಿದ ೨೫ ಪುರುಷರಲ್ಲಿ ೧೩ ಮಂದಿ. ಎರಡೂ ಶೇ. ೫೨-೫೩ರ ಆಸುಪಾಸು. ಒಂದೆಡೆ ತುಸು ಕಡಿಮೆ, ಇನ್ನೊಂದೆಡೆ ತುಸು ಹೆಚ್ಚು, ಮತ್ತೊಂದೆಡೆ ಸಮಸಮ. ಇಲ್ಲಿ ಮಹಿಳೆಗೆ ವಿಶೇಷ ಒಲವೂ ಕಾಣುವುದಿಲ್ಲ, ಎಲ್ಲೆಡೆ ಒಂದೇ ತೆರನಾದ ತಿರಸ್ಕಾರವೂ ಕಾಣುವುದಿಲ್ಲ.

ಎರಡನೆಯದು ಜರಡಿಯ ಪ್ರಶ್ನೆ. ಪಕ್ಷದ ಟಿಕೆಟ್ ಪಡೆಯುವ ಮಹಿಳೆ ಈಗಾಗಲೇ ಹಲವು ಜರಡಿಗಳನ್ನು ದಾಟಿ ಬಂದವಳು. ಒಬ್ಬ ಸಾಮಾನ್ಯ ಪುರುಷ ಕಾರ್ಯಕರ್ತನಿಗೆ ಸಿಗುವಷ್ಟೇ ಸುಲಭವಾಗಿ ಆಕೆಗೆ ಟಿಕೆಟ್ ಸಿಕ್ಕಿರುವುದಿಲ್ಲ. ಹೀಗೆ ಆಯ್ದು ಬಂದ ಬಲಿಷ್ಠ ಅಭ್ಯರ್ಥಿ ಪುರುಷರ ಸರಾಸರಿಯಷ್ಟೇ ಗೆದ್ದರೆ, ಮತದಾರರಲ್ಲಿಯೂ ಒಂದಿಷ್ಟು ಪೂರ್ವಗ್ರಹ ಕೆಲಸ ಮಾಡಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು. ಅತ್ಯಲ್ಪ ಅಂತರದ ಸೋಲುಗಳಲ್ಲಿ ನೂರಕ್ಕೆ ಒಂದೆರಡು ಮಂದಿಯ ಪೂರ್ವಗ್ರಹವೂ ನಿರ್ಣಾಯಕವಾಗಬಲ್ಲದು. ಆದರೂ ಇಂತಹ ಪೂರ್ವಗ್ರಹ ಸೋಲಿನ ಅಂಚನ್ನು ವಿವರಿಸಬಲ್ಲದೇ ಹೊರತು, ಲೋಕಸಭೆಯ ಏಳರಲ್ಲಿ ಆರು ಸ್ಥಾನಗಳಲ್ಲಿ ಪುರುಷರೇ ಇರುವ ಸ್ಥಿತಿಯನ್ನಲ್ಲ.

೪. ಕರ್ನಾಟಕದ ನಿದರ್ಶನಗಳು

ಕರ್ನಾಟಕದಿಂದ ಲೋಕಸಭೆಗೆ ಆಯ್ಕೆಯಾದ ಮೊದಲ ಮಹಿಳೆ ಸರೋಜಿನಿ ಮಹಿಷಿ. ೧೯೬೨ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಗೆದ್ದ ಅವರು ೧೯೬೭, ೧೯೭೧ ಮತ್ತು ೧೯೭೭ರಲ್ಲಿಯೂ ಅಲ್ಲಿಂದಲೇ ಪುನರಾಯ್ಕೆಯಾದರು. ಕೇಂದ್ರದಲ್ಲಿ ಸಚಿವೆಯೂ ಆದರು. ವಿದ್ವತ್ತು ಮತ್ತು ಸಾರ್ವಜನಿಕ ಸೇವೆಯಿಂದ ಹೆಸರಾದ ಮಹಿಳೆಯನ್ನು ಧಾರವಾಡದ ಮತದಾರರು ನಾಲ್ಕು ಬಾರಿ ಆರಿಸಿದರು.

ಬಳ್ಳಾರಿಯ ದಾಖಲೆ ಇನ್ನೂ ಕುತೂಹಲಕಾರಿ. ಬಸವರಾಜೇಶ್ವರಿ ಅವರು ೧೯೮೪, ೧೯೮೯ ಮತ್ತು ೧೯೯೧ರಲ್ಲಿ ಅಲ್ಲಿಂದ ಗೆದ್ದರು. ೧೯೯೯ರಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಅವರ ನಡುವಣ ಪ್ರಸಿದ್ಧ ಸ್ಪರ್ಧೆ ನಡೆದು ಸೋನಿಯಾ ಅವರು ೫೬,೧೦೦ ಮತಗಳಿಂದ ಜಯಗಳಿಸಿದರು. ೨೦೦೯ರಲ್ಲಿ ಜೆ. ಶಾಂತಾ ಗೆದ್ದರು. ಚಿಕ್ಕಮಗಳೂರಿನಲ್ಲಿ ೧೯೭೮ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ, ೧೯೮೪ ಮತ್ತು ೧೯೯೧ರಲ್ಲಿ ಡಿ.ಕೆ. ತಾರಾದೇವಿ, ಪುನರ್ವಿಂಗಡಣೆಯ ಅನಂತರದ ಉಡುಪಿ-ಚಿಕ್ಕಮಗಳೂರಿನಲ್ಲಿ ೨೦೧೪ ಮತ್ತು ೨೦೧೯ರಲ್ಲಿ ಶೋಭಾ ಕರಂದ್ಲಾಜೆ ಆಯ್ಕೆಯಾದರು. ಬಳ್ಳಾರಿಯ ಬಯಲಿನಲ್ಲೂ ಮಲೆನಾಡಿನಲ್ಲೂ ಮತದಾರರು ಬೇರೆ ಬೇರೆ ಪಕ್ಷಗಳ ಮಹಿಳೆಯರನ್ನು ಮತ್ತೆ ಮತ್ತೆ ಗೆಲ್ಲಿಸಿದ್ದಾರೆ. ಈ ಪ್ರದೇಶಗಳ ಸಮಾಜ ನೆರೆಯ ಜಿಲ್ಲೆಗಳಿಗಿಂತ ಸ್ತ್ರೀಪರವಾಗಿತ್ತೆಂದು ಹೇಳಲು ಆಧಾರವಿಲ್ಲ. ಅಲ್ಲಿ ಪ್ರಮುಖ ಪಕ್ಷಗಳು ಮಹಿಳೆಯರನ್ನು ಕಣಕ್ಕಿಳಿಸಿದವು ಎಂಬುದೇ ಕಣ್ಣಿಗೆ ಬೀಳುವ ವ್ಯತ್ಯಾಸ.

ಸೋಲಿನ ನಿದರ್ಶನಗಳೂ ಇದೇ ದಿಕ್ಕನ್ನು ತೋರುತ್ತವೆ. ಇಂದಿರಾ ಗಾಂಧಿಯವರು ೧೯೭೭ರ ಮಾರ್ಚಿಯಲ್ಲಿ ರಾಯ್‌ಬರೇಲಿಯಲ್ಲಿ ರಾಜನಾರಾಯಣ್ ಅವರೆದುರು ಸೋತರು. ೧೯೭೮ರ ನವೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ವೀರೇಂದ್ರ ಪಾಟೀಲರೆದುರು ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ರಾಯ್‌ಬರೇಲಿಯ ಸೋಲಿಗೆ ಕಾರಣ ತುರ್ತುಪರಿಸ್ಥಿತಿಯ ವಿರುದ್ಧ ಎದ್ದ ಜನಾಭಿಪ್ರಾಯ. ಮಂಡ್ಯದಲ್ಲಿ ೨೦೧೩ರ ಉಪಚುನಾವಣೆಯಲ್ಲಿ ಗೆದ್ದ ರಮ್ಯಾ ಅವರು ಒಂದು ವರ್ಷ ತುಂಬುವ ಮೊದಲೇ, ೨೦೧೪ರಲ್ಲಿ, ಅದೇ ಕ್ಷೇತ್ರದಲ್ಲಿ ಸುಮಾರು ಐದೂವರೆ ಸಾವಿರ ಮತಗಳಿಂದ ಸೋತರು. ಬಳ್ಳಾರಿಯಲ್ಲಿ ೨೦೦೯ರಲ್ಲಿ ಅಲ್ಪ ಅಂತರದಿಂದ ಗೆದ್ದ ಜೆ. ಶಾಂತಾ ಅವರು ೨೦೧೮ರ ಉಪಚುನಾವಣೆಯಲ್ಲಿ ವಿ.ಎಸ್. ಉಗ್ರಪ್ಪನವರೆದುರು ಎರಡು ಲಕ್ಷಕ್ಕೂ ಮಿಕ್ಕ ಅಂತರದಿಂದ ಸೋತರು. ಈ ಮೂರೂ ಸಂದರ್ಭಗಳಲ್ಲಿ ಅಭ್ಯರ್ಥಿ ಅದೇ ಮಹಿಳೆ. ಬದಲಾದುದು ಪಕ್ಷಗಳ ಮೈತ್ರಿ, ಸರ್ಕಾರದ ವರ್ಚಸ್ಸು, ರಾಜಕೀಯ ಗಾಳಿ. ಬದಲಾಗದ ಒಂದು ಅಂಶವನ್ನು ಬದಲಾದ ಫಲಿತಾಂಶಕ್ಕೆ ಕಾರಣವೆಂದು ಹೇಳುವುದು ತರ್ಕಬದ್ಧವಲ್ಲ.

ಲಿಂಗಪೂರ್ವಗ್ರಹ ಪ್ರಚಾರದಲ್ಲಿ ಇದ್ದುದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಬಳ್ಳಾರಿಯ ೧೯೯೯ರ ಸ್ಪರ್ಧೆಯನ್ನು ‘ವಿದೇಶಿ ಸೊಸೆ’ ಹಾಗೂ ‘ಸ್ವದೇಶಿ ಮಗಳು’ ಎಂಬ ಮಾತುಗಳಲ್ಲಿ ಬಿಂಬಿಸಲಾಯಿತು. ಇಬ್ಬರೂ ರಾಷ್ಟ್ರಮಟ್ಟದ ನಾಯಕಿಯರು. ಒಬ್ಬರು ಪಕ್ಷದ ಅಧ್ಯಕ್ಷೆ, ಇನ್ನೊಬ್ಬರು ಕೇಂದ್ರ ಸಚಿವೆಯೂ ದೆಹಲಿಯ ಮುಖ್ಯಮಂತ್ರಿಯೂ ಆಗಿದ್ದವರು. ಆದರೂ ಇಬ್ಬರನ್ನೂ ಮನೆಯ ಹೆಣ್ಣಿನ ಪಾತ್ರದಲ್ಲಿಯೇ ಮತದಾರರ ಮುಂದೆ ನಿಲ್ಲಿಸಲಾಯಿತು. ೨೦೨೪ರಲ್ಲಿ ದಾವಣಗೆರೆಯಲ್ಲಿಯೂ ಎರಡು ಪ್ರಮುಖ ಪಕ್ಷಗಳ ಅಭ್ಯರ್ಥಿಗಳು ಮಹಿಳೆಯರೇ: ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ ಮತ್ತು ಭಾರತೀಯ ಜನತಾ ಪಕ್ಷದ ಗಾಯತ್ರಿ ಸಿದ್ದೇಶ್ವರ. ಗಾಯತ್ರಿಯವರಿಗೆ ಅಡುಗೆ ಮಾಡುವುದಷ್ಟೇ ಗೊತ್ತು ಎಂಬರ್ಥದ ಮಾತನ್ನು ಎದುರು ಪಕ್ಷದ ಹಿರಿಯ ನಾಯಕರೊಬ್ಬರು ಆಡಿದುದು ದೊಡ್ಡ ವಿವಾದವಾಯಿತು. ಅಂತಿಮವಾಗಿ ಪ್ರಭಾ ಅವರು ಗೆದ್ದರು. ಇಲ್ಲಿ ಸ್ತ್ರೀನಿಂದೆ ಇತ್ತು, ಒಬ್ಬ ಮಹಿಳೆ ಸೋತುದೂ ನಿಜ; ಆದರೆ ಗೆದ್ದವರೂ ಮಹಿಳೆ. ಪೂರ್ವಗ್ರಹ ಇರುವುದು ಬೇರೆ, ಫಲಿತಾಂಶಕ್ಕೆ ಅದೇ ಕಾರಣವಾಗುವುದು ಬೇರೆ ಎಂಬುದನ್ನು ಇಂತಹ ಪ್ರಸಂಗಗಳು ಸ್ಪಷ್ಟಪಡಿಸುತ್ತವೆ.

೫. ಪಕ್ಷಗಳ ಪಟ್ಟಿ

ಹಾಗಾದರೆ ತಡೆ ಇರುವುದು ಎಲ್ಲಿ? ೨೦೨೪ರ ಕರ್ನಾಟಕದ ಪಟ್ಟಿಯನ್ನು ಪರಿಶೀಲಿಸಬಹುದು. ಕಾಂಗ್ರೆಸ್ ಪಕ್ಷವು ೨೮ ಕ್ಷೇತ್ರಗಳಲ್ಲಿ ಆರು ಮಹಿಳೆಯರನ್ನು ಕಣಕ್ಕಿಳಿಸಿತು. ಭಾರತೀಯ ಜನತಾ ಪಕ್ಷ ತಾನು ಸ್ಪರ್ಧಿಸಿದ ೨೫ರಲ್ಲಿ ಇಬ್ಬರನ್ನು. ಕಾಂಗ್ರೆಸ್ಸಿನ ಆರು ಮಹಿಳೆಯರಲ್ಲಿ ಇಬ್ಬರು ಗೆದ್ದರು. ೨೨ ಪುರುಷರಲ್ಲಿ ಏಳು ಮಂದಿ. ಎರಡೂ ಮೂರರಲ್ಲೊಂದರ ಆಸುಪಾಸಿನ ಪ್ರಮಾಣ. ಸೋತ ನಾಲ್ವರು ಮಹಿಳೆಯರು ನಿಂತುದು ಬೆಂಗಳೂರು ದಕ್ಷಿಣ, ಶಿವಮೊಗ್ಗ, ಬಾಗಲಕೋಟೆ ಮತ್ತು ಉತ್ತರ ಕನ್ನಡಗಳಲ್ಲಿ. ಈ ನಾಲ್ಕೂ ಕ್ಷೇತ್ರಗಳನ್ನು ೨೦೦೪ರಿಂದ ೨೦೧೯ರವರೆಗಿನ ಎಲ್ಲ ಸಾರ್ವತ್ರಿಕ ಚುನಾವಣೆಗಳಲ್ಲಿ ಭಾರತೀಯ ಜನತಾ ಪಕ್ಷವೇ ಗೆದ್ದಿತ್ತು. ಆ ಸೋಲುಗಳನ್ನು ಅಭ್ಯರ್ಥಿಯ ಲಿಂಗಕ್ಕಿಂತ ಕ್ಷೇತ್ರದ ಇತಿಹಾಸ ಹೆಚ್ಚು ಸಮರ್ಥವಾಗಿ ವಿವರಿಸುತ್ತದೆ. ಬೇರೂರಿದ ಎದುರಾಳಿಯ ವಿರುದ್ಧ ಮಹಿಳೆಯನ್ನು ನಿಲ್ಲಿಸಿ, ಆಕೆ ಸೋತ ಮೇಲೆ ‘ಹೆಂಗಸರು ಗೆಲ್ಲುವುದಿಲ್ಲ’ ಎಂದು ಹೇಳುವ ರೂಢಿ ಯಾವ ಪಕ್ಷದಲ್ಲಿದ್ದರೂ ಅದು ಪರೀಕ್ಷೆಯಲ್ಲ, ಪೂರ್ವನಿರ್ಧಾರ.

ಇನ್ನೂ ಗಂಭೀರವಾದ ಸಂಗತಿ ಆಯ್ಕೆಯ ಮೂಲಕ್ಕೆ ಸಂಬಂಧಿಸಿದುದು. ಮೇಲಿನ ಆರು ಮಹಿಳೆಯರಲ್ಲಿ ಐವರು ಆಗ ರಾಜ್ಯದ ಸಚಿವರಾಗಿದ್ದವರ ಮಗಳು, ಹೆಂಡತಿ ಅಥವಾ ಸಹೋದರಿ. ದಾವಣಗೆರೆಯ ಎದುರಾಳಿಯೂ ಅಂದಿನ ಸಂಸದರ ಪತ್ನಿ. ಇದರಿಂದ ಅವರ ವೈಯಕ್ತಿಕ ಸಾಮರ್ಥ್ಯ ಕಡಿಮೆಯೆಂದು ಹೇಳುವಂತಿಲ್ಲ. ಪುರುಷ ಅಭ್ಯರ್ಥಿಗಳಲ್ಲಿಯೂ ಮನೆತನದ ಬಲದಿಂದ ಬಂದವರಿದ್ದಾರೆ. ಆದರೆ ಸಂಘಟನೆಯಲ್ಲಿ ವರ್ಷಗಟ್ಟಲೆ ದುಡಿದ ಪುರುಷನಿಗೆ ಮನೆತನವಲ್ಲದೆ ಬೇರೆ ದಾರಿಗಳೂ ಇವೆ. ಹಾಗೆ ದುಡಿದ ಮಹಿಳೆಗೆ ಆ ದಾರಿಗಳು ಬಹುತೇಕ ಮುಚ್ಚಿವೆ. ‘ಗೆಲ್ಲುವ ಕುದುರೆ’ಯನ್ನೇ ಹುಡುಕುತ್ತೇವೆಂದು ಹೇಳುವ ಪಕ್ಷಗಳು ಹಣ, ಜಾತಿಯ ಬಲ, ಕಾರ್ಯಕರ್ತರ ಪಡೆ ಇವುಗಳನ್ನು ಅಳತೆಗೋಲಾಗಿಸುತ್ತವೆ. ಇವು ಮಹಿಳೆಗೆ ದೊರೆಯುವುದು ಸಾಮಾನ್ಯವಾಗಿ ತಂದೆ, ಗಂಡ, ಸಹೋದರರ ಮೂಲಕವೇ. ೧೯೩೫ರ ಕಾಯಿದೆಯಲ್ಲಿದ್ದ ಅರ್ಹತೆಯೇ ಬೇರೆ ರೂಪದಲ್ಲಿ ಟಿಕೆಟ್ ಹಂಚಿಕೆಯಲ್ಲಿ ಉಳಿದುಕೊಂಡಿದೆ ಎನ್ನಬಹುದು.

ಮಂಡ್ಯದ ೨೦೧೯ರ ಚುನಾವಣೆ ಈ ವಿಚಾರದಲ್ಲಿ ಎರಡಲಗಿನ ನಿದರ್ಶನ. ಮೈತ್ರಿಯ ಕಾರಣದಿಂದ ಕಾಂಗ್ರೆಸ್ ಟಿಕೆಟ್ ದೊರೆಯದ ಸುಮಲತಾ ಅಂಬರೀಶ್ ಅವರು ಪಕ್ಷೇತರರಾಗಿ, ಭಾರತೀಯ ಜನತಾ ಪಕ್ಷದ ಬೆಂಬಲದೊಡನೆ ಸ್ಪರ್ಧಿಸಿ ೧,೨೫,೮೭೬ ಮತಗಳಿಂದ ಗೆದ್ದರು. ಪಕ್ಷದ ಪಟ್ಟಿಯಲ್ಲಿ ಸ್ಥಾನ ದೊರೆಯದ ಮಹಿಳೆಗೆ ಮತದಾರರು ಲೋಕಸಭೆಯಲ್ಲಿ ಸ್ಥಾನ ಕೊಟ್ಟರು. ಆದರೆ ಆ ಕ್ಷೇತ್ರದ ಸಂಸದರಾಗಿದ್ದ ಜನಪ್ರಿಯ ನಟನ ಪತ್ನಿಯಾಗಿರದ ಮಹಿಳೆಗೆ ಇದು ಸಾಧ್ಯವಾಗುತ್ತಿತ್ತೇ ಎಂಬ ಪ್ರಶ್ನೆಯೂ ಉಳಿಯುತ್ತದೆ.

ಇದಕ್ಕೆ ಭಿನ್ನವಾದ ಪ್ರಯೋಗ ಒಡಿಶಾದಲ್ಲಿ ನಡೆಯಿತು. ೨೦೧೯ರಲ್ಲಿ ಬಿಜು ಜನತಾ ದಳವು ೨೧ ಸ್ಥಾನಗಳಲ್ಲಿ ಏಳನ್ನು ಮಹಿಳೆಯರಿಗೆ ನೀಡಿತು. ಐವರು ಗೆದ್ದರು, ಪುರುಷರಲ್ಲಿ ೧೪ಕ್ಕೆ ಏಳು ಮಂದಿ. ಅಸ್ಕಾ ಕ್ಷೇತ್ರದಿಂದ ಗೆದ್ದ ಪ್ರಮೀಳಾ ಬಿಸೋಯಿ ಅವರು ಸ್ವಸಹಾಯ ಸಂಘದ ಸಂಘಟನೆಯಿಂದ ಬಂದ ಗ್ರಾಮೀಣ ಮಹಿಳೆ, ರಾಜಕೀಯ ಮನೆತನದವರಲ್ಲ. ಅದೇ ಪಕ್ಷ ೨೦೨೪ರಲ್ಲಿ ಒಂದು ಸ್ಥಾನವನ್ನೂ ಗೆಲ್ಲಲಿಲ್ಲ. ಅದರ ಮಹಿಳೆಯರೂ ಪುರುಷರೂ ಒಟ್ಟಿಗೇ ಸೋತರು. ತಮಿಳುನಾಡು ಹಾಗೂ ಪುದುಚೇರಿಯ ೪೦ ಸ್ಥಾನಗಳಲ್ಲಿ ೨೦ನ್ನು ಮಹಿಳೆಯರಿಗೆ ಕೊಟ್ಟ ನಾಮ್ ತಮಿಳರ್ ಕಚ್ಚಿಯಿಂದ ೨೦೨೪ರಲ್ಲಿ ಯಾರೂ ಗೆಲ್ಲಲಿಲ್ಲ. ಟಿಕೆಟ್ ಮಾತ್ರ ಸಾಲದು, ಗೆಲ್ಲುವ ಸಾಧ್ಯತೆಯಿರುವ ಪಕ್ಷದ ಟಿಕೆಟ್ ಬೇಕು ಎಂಬುದನ್ನು ಇದು ತೋರಿಸುತ್ತದೆ. ಪಕ್ಷದೊಡನೆ ಮಹಿಳೆ ಏಳುತ್ತಾಳೆ, ಪಕ್ಷದೊಡನೆ ಬೀಳುತ್ತಾಳೆ. ಪುರುಷನ ಸ್ಥಿತಿಯೂ ಅದೇ.

೬. ಪೂರ್ವಗ್ರಹ ಅಚಲವೇ?

ಮತದಾರರ ಮನಸ್ಸಿನಲ್ಲಿ ಪೂರ್ವಗ್ರಹ ಇಲ್ಲವೆಂದು ಈ ಪ್ರಬಂಧ ಹೇಳುತ್ತಿಲ್ಲ. ಅದು ಎಷ್ಟು ಗಟ್ಟಿ ಎಂಬುದು ಪ್ರಶ್ನೆ. ಈ ಕುರಿತು ಪಶ್ಚಿಮ ಬಂಗಾಳದ ಗ್ರಾಮಗಳಲ್ಲಿ ಲೋರಿ ಬೀಮನ್, ರಾಘವೇಂದ್ರ ಚಟ್ಟೋಪಾಧ್ಯಾಯ, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮತ್ತು ಪೇಟಿಯಾ ತೊಪಲೋವಾ ಅವರು ನಡೆಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನ ಮಹತ್ವದ್ದು. ಪಂಚಾಯತಿ ನಾಯಕರ ಒಂದೇ ಭಾಷಣವನ್ನು ಗಂಡು ಧ್ವನಿಯಲ್ಲಿಯೂ ಹೆಣ್ಣು ಧ್ವನಿಯಲ್ಲಿಯೂ ಕೇಳಿಸಿದಾಗ, ಮಹಿಳೆಯ ಆಡಳಿತವನ್ನು ಎಂದೂ ಕಾಣದ ಗ್ರಾಮಗಳ ಪುರುಷರು ಹೆಣ್ಣು ಧ್ವನಿಗೆ ಕಡಿಮೆ ಬೆಲೆ ಕೊಟ್ಟರು. ಮೀಸಲಾತಿಯ ಮೂಲಕ ಮಹಿಳೆ ಆಡಳಿತ ನಡೆಸಿದ್ದ ಗ್ರಾಮಗಳಲ್ಲಿ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿದಿತ್ತು. ಎರಡು ಅವಧಿಗೆ ಅಧ್ಯಕ್ಷ ಸ್ಥಾನ ಮೀಸಲಾಗಿದ್ದ ಕಡೆಗಳಲ್ಲಿ ಮಹಿಳೆಯರು ಸಾಮಾನ್ಯ ಸ್ಥಾನಗಳಿಗೂ ಹೆಚ್ಚಾಗಿ ಸ್ಪರ್ಧಿಸಿ ಗೆದ್ದರು. ಅಂದರೆ ಪೂರ್ವಗ್ರಹ ಉಪದೇಶದಿಂದಲ್ಲ, ಅನುಭವದಿಂದ ಕರಗುತ್ತದೆ. ಆ ಅನುಭವ ಒದಗಬೇಕಾದರೆ ಮಹಿಳೆ ಮೊದಲು ಅಧಿಕಾರದ ಕುರ್ಚಿಯಲ್ಲಿ ಕೂರಬೇಕು.

ಈ ಅನುಭವ ಕರ್ನಾಟಕಕ್ಕೆ ಬಹು ಮೊದಲೇ ಒದಗಿತ್ತು. ೧೯೮೩ರ ಪಂಚಾಯತಿ ಕಾಯಿದೆಯ ಮೂಲಕ ರಾಜ್ಯವು ಶೇ. ೨೫ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟು, ೧೯೮೭ರಲ್ಲಿ ಚುನಾವಣೆ ನಡೆಸಿತು. ಸಂವಿಧಾನದ ೭೩ನೆಯ ತಿದ್ದುಪಡಿ ಬರುವುದಕ್ಕೆ ಆರು ವರ್ಷ ಮೊದಲೇ ಸಹಸ್ರಾರು ಮಹಿಳೆಯರು ಮಂಡಲ ಪಂಚಾಯತಿಗಳನ್ನೂ ಜಿಲ್ಲಾ ಪರಿಷತ್ತುಗಳನ್ನೂ ಪ್ರವೇಶಿಸಿದರು. ೨೦೧೦ರಲ್ಲಿ ಈ ಮೀಸಲಾತಿ ಶೇ. ೫೦ಕ್ಕೆ ಏರಿತು. ಹೀಗೆ ಮೂರೂವರೆ ದಶಕಗಳ ತರಬೇತಿ ಪಡೆದ ಮಹಿಳಾ ನಾಯಕತ್ವ ಗ್ರಾಮ, ತಾಲೂಕು, ಜಿಲ್ಲೆಗಳಲ್ಲಿರುವಾಗಲೂ, ೨೦೨೪ರಲ್ಲಿ ರಾಜ್ಯದ ೨೮ ಲೋಕಸಭಾ ಸ್ಥಾನಗಳಲ್ಲಿ ಮಹಿಳೆಯರು ಮೂವರು ಮಾತ್ರ. ಜಿಲ್ಲಾ ಪಂಚಾಯತಿಯಿಂದ ಲೋಕಸಭೆಗೆ ಏರುವ ಮೆಟ್ಟಿಲುಗಳು ಪಕ್ಷಗಳ ಒಳಗಿವೆ. ಅಲ್ಲಿಗೆ ಮೀಸಲಾತಿಯ ಕಾನೂನು ತಲುಪಿಲ್ಲ.

ಉಪಸಂಹಾರ

ಒಟ್ಟಿನಲ್ಲಿ, ಲಿಂಗಪೂರ್ವಗ್ರಹವು ಮಹಿಳಾ ಅಭ್ಯರ್ಥಿಗಳ ಸೋಲನ್ನು ಅಲ್ಪಮಟ್ಟಿಗೂ, ಮಹಿಳಾ ಅಭ್ಯರ್ಥಿಗಳ ಅಭಾವವನ್ನು ಬಹುಮಟ್ಟಿಗೂ ವಿವರಿಸುತ್ತದೆ. ಕಣದಲ್ಲಿರುವ ಮಹಿಳೆಯ ಸೋಲಿಗೆ ಪಕ್ಷ, ಕ್ಷೇತ್ರ, ಎದುರಾಳಿ ಮತ್ತು ಕಾಲದ ಗಾಳಿ ಪ್ರಧಾನ ಕಾರಣಗಳು. ಕಣಕ್ಕೇ ಬಾರದ ಮಹಿಳೆಯ ‘ಸೋಲು’ ಯಾವ ಫಲಿತಾಂಶದ ಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ; ಪೂರ್ವಗ್ರಹದ ನಿಜವಾದ ಕಾರ್ಯಕ್ಷೇತ್ರ ಅದು.

ಈ ವ್ಯತ್ಯಾಸ ಕೇವಲ ಶಾಸ್ತ್ರೀಯ ಚರ್ಚೆಯ ವಿಷಯವಲ್ಲ. ದೋಷ ಮತದಾರನಲ್ಲಿದ್ದರೆ ಪರಿಹಾರ ಜನಜಾಗೃತಿ. ಅದು ಎಷ್ಟು ಕಾಲ ಹಿಡಿದರೂ ಕಾಯಬೇಕಾಗುತ್ತದೆ. ದೋಷ ಪಕ್ಷಗಳ ಪಟ್ಟಿಯಲ್ಲಿದ್ದರೆ ಪರಿಹಾರ ಕಾನೂನು ಮತ್ತು ಪಕ್ಷಗಳ ಆಂತರಿಕ ನಿಯಮಗಳು. ಅವಕ್ಕೆ ಕಾಯಬೇಕಾದ ಕಾರಣವಿಲ್ಲ. ೧೯೯೬ರಲ್ಲಿ ಮೊದಲ ಬಾರಿಗೆ ಮಂಡಿತವಾಗಿ, ೨೦೧೦ರಲ್ಲಿ ರಾಜ್ಯಸಭೆಯಲ್ಲಿ ಮಾತ್ರ ಅಂಗೀಕಾರ ಪಡೆದು ನಿಂತಿದ್ದ ಮಹಿಳಾ ಮೀಸಲಾತಿಯು ೨೦೨೩ರ ಸೆಪ್ಟೆಂಬರಿನಲ್ಲಿ ಸಂವಿಧಾನದ ೧೦೬ನೆಯ ತಿದ್ದುಪಡಿಯಾಗಿ ಅಂಗೀಕೃತವಾಯಿತು. ಲೋಕಸಭೆ ಮತ್ತು ವಿಧಾನಸಭೆಗಳ ಮೂರನೆಯ ಒಂದು ಭಾಗವನ್ನು ಮೀಸಲಿಡುವ ಈ ತಿದ್ದುಪಡಿಯ ಅನ್ವಯವನ್ನು ಅಂಗೀಕಾರದ ಹೊತ್ತಿನಲ್ಲಿ ಮುಂದಿನ ಜನಗಣತಿಗೂ ಅದನ್ನು ಆಧರಿಸಿದ ಕ್ಷೇತ್ರ ಪುನರ್ವಿಂಗಡಣೆಗೂ ಜೋಡಿಸಲಾಯಿತು. ಅದರ ಬಹುತೇಕ ಸರ್ವಾನುಮತದ ಅಂಗೀಕಾರದ ಕೆಲವೇ ತಿಂಗಳುಗಳಲ್ಲಿ, ಅದಕ್ಕೆ ಮತ ನೀಡಿದ ಪಕ್ಷಗಳೇ ಸಿದ್ಧಪಡಿಸಿದ ೨೦೨೪ರ ಪಟ್ಟಿಗಳನ್ನು ನಾವು ಮೇಲೆ ನೋಡಿದ್ದೇವೆ. ಮೂರನೆಯ ಒಂದು ಭಾಗ ಟಿಕೆಟ್ ಕೊಡಲು ಯಾವ ತಿದ್ದುಪಡಿಯೂ ಬೇಕಿರಲಿಲ್ಲ.

ಸ್ಥಾನಗಳು ಮೀಸಲಾದ ಮೇಲೂ ಎರಡು ಎಚ್ಚರಗಳು ಅಗತ್ಯ. ಮೊದಲನೆಯದು, ಮೀಸಲು ಕ್ಷೇತ್ರಗಳ ಟಿಕೆಟ್‌ಗಳನ್ನೂ ಹಂಚುವವು ಈಗಿನ ಪಕ್ಷಗಳೇ ಆದುದರಿಂದ, ಸಂಘಟನೆಯಲ್ಲಿ ಬೆಳೆದ ಮಹಿಳೆಗೆ ದಾರಿ ತೆರೆಯದಿದ್ದರೆ ಮನೆತನದ ಪಟ್ಟಿಯೇ ಉದ್ದವಾಗಬಹುದು. ಎರಡನೆಯದು, ಸರದಿಯಂತೆ ಮೀಸಲಾತಿ ಬದಲಾದಾಗ ಗೆದ್ದ ಮಹಿಳೆಗೆ ಅದೇ ಕ್ಷೇತ್ರದಲ್ಲಿ ಸಾಮಾನ್ಯ ಅಭ್ಯರ್ಥಿಯಾಗಿ ಮತ್ತೆ ನಿಲ್ಲುವ ಅವಕಾಶ ಉಳಿಯಬೇಕು. ಸರೋಜಿನಿ ಮಹಿಷಿ ನಾಲ್ಕು ಬಾರಿ, ಬಸವರಾಜೇಶ್ವರಿ ಮೂರು ಬಾರಿ ಗೆಲ್ಲಲು ಸಾಧ್ಯವಾದುದು ಮತದಾರರ ಕೃಪೆಯಿಂದ ಮಾತ್ರವಲ್ಲ. ಎರಡನೆಯ ಬಾರಿಯೂ, ಮೂರನೆಯ ಬಾರಿಯೂ ಅವರ ಹೆಸರು ಪಕ್ಷದ ಪಟ್ಟಿಯಲ್ಲಿ ಇದ್ದುದರಿಂದ. ೧೯೫೧ರಲ್ಲಿ ಮತದಾರರ ಪಟ್ಟಿಯಲ್ಲಿ ತನ್ನ ಹೆಸರನ್ನು ಬರೆಯಿಸಲು ಹಿಂಜರಿದ ಮಹಿಳೆಯ ಮೊಮ್ಮಗಳು ಇಂದು ಪುರುಷನಷ್ಟೇ ಉತ್ಸಾಹದಿಂದ ಮತ ಚಲಾಯಿಸುತ್ತಿದ್ದಾಳೆ. ಅಭ್ಯರ್ಥಿಗಳ ಪಟ್ಟಿಯಲ್ಲಿ ಆಕೆಯ ಹೆಸರನ್ನು ಬರೆಯುವ ಹೊಣೆ ಪಕ್ಷಗಳ ಮೇಲಿದೆ.